ಆಯೋಗದ ಕುರ್ಚಿಗೆ ಹೆಸರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮ ರಾಜ್ಯದ ಆಯೋಗವೊಂದಕ್ಕೆ ನಿವೃತ್ತ ಅಧಿಕಾರಿಯೊಬ್ಬರನ್ನು ನೇಮಿಸಿದ ಸುದ್ದಿ ಓದಿದೆ. ಆಯ್ಕೆ ಸಮಿತಿಯಲ್ಲಿದ್ದ ವಿರೋಧ ಪಕ್ಷದ ನಾಯಕರು ಒಪ್ಪಲಿಲ್ಲವಂತೆ, ಆದರೂ ನೇಮಕ ನಡೆಯಿತಂತೆ. ಹಾಗಿದ್ದ ಮೇಲೆ ಸಮಿತಿ ಏಕೆ ಬೇಕು? ಸಮಿತಿಗೆ ನ್ಯಾಯಮೂರ್ತಿಯೊಬ್ಬರನ್ನು ಸೇರಿಸಿದರೆ ಸರಿಹೋಗುತ್ತದೆಯೇ? ಸ್ವತಂತ್ರ ಆಯೋಗಗಳ ಸದಸ್ಯರನ್ನು ಹೇಗೆ ಆರಿಸಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. (ಓದುಗರು, ದಾವಣಗೆರೆ)

ಉತ್ತರ: ಆಯ್ಕೆ ಸಮಿತಿಯಲ್ಲಿ ಯಾರು ಯಾರು ಇರಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಮೂವತ್ತು ವರ್ಷಗಳಿಂದ ವಾದ ನಡೆಯುತ್ತಿದೆ. ಆ ಸಮಿತಿಯ ಮುಂದೆ ಬರುವ ಹೆಸರುಗಳ ಪಟ್ಟಿಯನ್ನು ಯಾರು ಸಿದ್ಧಪಡಿಸಿದರು, ಯಾವ ಅಳತೆಗೋಲಿನಿಂದ ಸಿದ್ಧಪಡಿಸಿದರು, ಸದಸ್ಯರ ಕೈಗೆ ಅದು ಯಾವಾಗ ತಲುಪಿತು ಎಂಬ ಪ್ರಶ್ನೆಗಳನ್ನು ಅಷ್ಟು ಗಂಭೀರವಾಗಿ ಕೇಳಿದವರು ಕಡಿಮೆ. ನನ್ನ ದೃಷ್ಟಿಯಲ್ಲಿ ನೇಮಕದ ಮುಕ್ಕಾಲು ಭಾಗ ಪಟ್ಟಿಯಲ್ಲಿಯೇ ತೀರ್ಮಾನವಾಗಿರುತ್ತದೆ. ಸಮಿತಿಯ ಸಭೆ ಉಳಿದ ಕಾಲು ಭಾಗ ಮಾತ್ರ. ತಾವು ಕೇಳಿದ ಎರಡೂ ಸಂಗತಿಗಳಿಗೆ, ಅಂದರೆ ವಿರೋಧ ಪಕ್ಷದ ನಾಯಕರ ಅಸಮ್ಮತಿಗೆ ಬೆಲೆ ಸಿಗದಿರುವುದಕ್ಕೆ ಮತ್ತು ನ್ಯಾಯಮೂರ್ತಿಯೊಬ್ಬರ ಸೇರ್ಪಡೆಯಿಂದ ಏನಾದೀತು ಎಂಬುದಕ್ಕೆ, ಉತ್ತರ ಇಲ್ಲಿಂದಲೇ ಆರಂಭವಾಗಬೇಕು.

ಮೊದಲಿಗೆ ಕಾನೂನು ಈಗ ಹೇಗಿದೆ ಎಂಬುದನ್ನು ನೋಡೋಣ. ‘ಸ್ವತಂತ್ರ ಆಯೋಗ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಸಂಸ್ಥೆಗಳ ನೇಮಕದ ದಾರಿಗಳು ಒಂದೇ ಅಲ್ಲ. ರಾಜ್ಯ ಲೋಕಸೇವಾ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಂವಿಧಾನದ 316ನೇ ವಿಧಿಯ ಪ್ರಕಾರ ರಾಜ್ಯಪಾಲರು ನೇಮಿಸುತ್ತಾರೆ. ಸಮಿತಿಯ ಮಾತೇ ಅಲ್ಲಿಲ್ಲ, ಹಾಗಾಗಿ ವ್ಯವಹಾರದಲ್ಲಿ ಅದು ಸರ್ಕಾರದ ಸಲಹೆಯಂತೆ ನಡೆಯುವ ನೇಮಕ. ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವ ರಾಜ್ಯ ಚುನಾವಣಾ ಆಯುಕ್ತರ ನೇಮಕವೂ 243ಕೆ ವಿಧಿಯಡಿ ಹೀಗೆಯೇ ಆಗುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರ 15ನೇ ಕಲಮಿನಲ್ಲಿ ಮೂವರ ಸಮಿತಿಯಿದೆ: ಮುಖ್ಯಮಂತ್ರಿ, ವಿಧಾನಸಭೆಯ ವಿರೋಧ ಪಕ್ಷದ ನಾಯಕ ಮತ್ತು ಮುಖ್ಯಮಂತ್ರಿ ಹೆಸರಿಸುವ ಒಬ್ಬ ಸಂಪುಟ ಸಚಿವ. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ, 1993ರ ಸಮಿತಿ ಇದಕ್ಕಿಂತ ದೊಡ್ಡದು. ವಿಧಾನ ಪರಿಷತ್ತು ಇರುವ ಕರ್ನಾಟಕದಂತಹ ರಾಜ್ಯದಲ್ಲಿ ಮುಖ್ಯಮಂತ್ರಿ, ಗೃಹ ಸಚಿವ, ವಿಧಾನಸಭಾಧ್ಯಕ್ಷ, ಪರಿಷತ್ತಿನ ಸಭಾಪತಿ ಹಾಗೂ ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಸೇರಿ ಆರು ಮಂದಿ ಆಗುತ್ತಾರೆ. ಲೋಕಾಯುಕ್ತದ ದಾರಿ ಬೇರೆ. ಅದು ಸಮಿತಿಯಲ್ಲ, ಸಮಾಲೋಚನೆ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೂವರ ಸಮಿತಿಯಲ್ಲಿ ಇಬ್ಬರು ಸರ್ಕಾರದವರೇ ಆಗಿದ್ದು, ಅವರಲ್ಲೊಬ್ಬರನ್ನು ಇನ್ನೊಬ್ಬರೇ ಆರಿಸಿಕೊಂಡಿರುವಾಗ ಮತಗಣನೆಯ ಫಲಿತಾಂಶ ಸಭೆಗೆ ಮೊದಲೇ ಗೊತ್ತಿರುತ್ತದೆ. ಹಾಗಾದರೆ ವಿರೋಧ ಪಕ್ಷದ ನಾಯಕರ ಒಪ್ಪಿಗೆ ಕಡ್ಡಾಯ ಎಂದು ಮಾಡಿಬಿಡಬಹುದಲ್ಲವೇ ಎಂದು ತಾವು ಕೇಳಬಹುದು. ಇದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಒಬ್ಬರ ಕೈಗೆ ತಡೆಯುವ ಅಧಿಕಾರ ಕೊಟ್ಟರೆ ಆಯೋಗ ಖಾಲಿ ಉಳಿಯುತ್ತದೆ, ಮತ್ತು ಖಾಲಿ ಆಯೋಗದಿಂದ ಅನುಕೂಲ ಆಗುವುದು ಉತ್ತರ ಕೊಡಬೇಕಾದ ಆಡಳಿತಕ್ಕೆ, ಅರ್ಜಿ ಹಾಕಿದ ನಾಗರಿಕನಿಗಲ್ಲ. ವಿರೋಧ ಪಕ್ಷದ ನಾಯಕರೇ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಜಾರ್ಖಂಡ್ ಸಾಕ್ಷಿ. ಅಲ್ಲಿನ ಮಾಹಿತಿ ಆಯೋಗ 2020ರಿಂದ ವರ್ಷಗಟ್ಟಲೆ ನಿಷ್ಕ್ರಿಯವಾಗಿತ್ತು. ವಿರೋಧ ಪಕ್ಷದ ನಾಯಕರಿಲ್ಲದೆ ಸಮಿತಿ ಸೇರುವಂತಿಲ್ಲ ಎಂದು ಸರ್ಕಾರ ಹೇಳಿತು. ಕೊನೆಗೆ 2025ರ ಜನವರಿಯಲ್ಲಿ, ವಿರೋಧ ಪಕ್ಷಗಳಲ್ಲಿ ಅತಿ ದೊಡ್ಡದಾದ ಪಕ್ಷವು ಸಮಿತಿಗೆ ತನ್ನ ಸದಸ್ಯರೊಬ್ಬರನ್ನು ಹೆಸರಿಸಲಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ವಿಚಿತ್ರವೆಂದರೆ, ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರಿಲ್ಲದಿದ್ದರೆ ವಿರೋಧ ಪಕ್ಷಗಳ ಪೈಕಿ ಅತಿ ದೊಡ್ಡ ಗುಂಪಿನ ನಾಯಕರನ್ನೇ ಹಾಗೆಂದು ಭಾವಿಸಬೇಕು ಎಂಬ ವಿವರಣೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ.

ಅಸಮ್ಮತಿಗೆ ತಡೆಯುವ ಶಕ್ತಿ ಇಲ್ಲ ಎಂದ ಮಾತ್ರಕ್ಕೆ ಅದಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೀರ್ಪು 2011ರ ಮಾರ್ಚ್ 3ರದ್ದು. 2010ರ ಸೆಪ್ಟೆಂಬರಿನಲ್ಲಿ, ಸರ್ಕಾರಿ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯುಕ್ತರ ಹುದ್ದೆಗೆ ಪಿ.ಜೆ. ಥಾಮಸ್ ಅವರ ಹೆಸರನ್ನು ಪ್ರಧಾನಿ ಮನಮೋಹನ್ ಸಿಂಗ್ ಮತ್ತು ಗೃಹ ಸಚಿವ ಪಿ. ಚಿದಂಬರಂ ಒಪ್ಪಿದರು. ಸಮಿತಿಯ ಮೂರನೆಯ ಸದಸ್ಯೆಯಾಗಿದ್ದ ಲೋಕಸಭೆಯ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಒಪ್ಪಲಿಲ್ಲ. ಕೇರಳದ ಪಾಮೋಲಿನ್ ಎಣ್ಣೆ ಆಮದು ಪ್ರಕರಣದಲ್ಲಿ ಥಾಮಸ್ ಅವರ ಮೇಲೆ ಆರೋಪವಿತ್ತು. ಅವರ ವಿರುದ್ಧ ಶಿಸ್ತು ಕ್ರಮ ಜರುಗಿಸಬೇಕೆಂದು ಸಿಬ್ಬಂದಿ ಇಲಾಖೆಯ ಕಡತದಲ್ಲಿಯೇ ಹಿಂದೆ ಟಿಪ್ಪಣಿಗಳು ಬಂದಿದ್ದವು. ಆ ಟಿಪ್ಪಣಿಗಳು ಸಮಿತಿಯ ಮುಂದೆ ಬರಲೇ ಇಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ನೇಮಕವನ್ನು ರದ್ದುಪಡಿಸಿತು. ಅಭ್ಯರ್ಥಿ ತಪ್ಪಿತಸ್ಥರೋ ಅಲ್ಲವೋ ಎಂಬ ವಿಚಾರಕ್ಕೆ ಪೀಠ ಹೋಗಲಿಲ್ಲ. ಸಂಸ್ಥೆಯ ಪ್ರಾಮಾಣಿಕತೆಗೆ ಧಕ್ಕೆ ತರುವಂತಹ ಸಂಗತಿಗಳನ್ನು ಸಮಿತಿ ಪರಿಶೀಲಿಸದೆಯೇ ಮಾಡಿದ ಶಿಫಾರಸು ಕಾನೂನಿನ ಕಣ್ಣಿನಲ್ಲಿ ಶಿಫಾರಸೇ ಅಲ್ಲ ಎಂದಿತು. ಎಲ್ಲರೂ ಒಪ್ಪಲೇಬೇಕೆಂಬ ನಿಯಮ ಇಲ್ಲ, ಆದರೆ ಒಪ್ಪದವರು ಕಾರಣ ಬರೆಯಬೇಕು, ಅದನ್ನು ಮೀರಿ ನಡೆಯುವವರೂ ತಮ್ಮ ಕಾರಣ ಬರೆಯಬೇಕು ಎಂದಿತು. ಹುಡುಕಾಟವನ್ನು ಸರ್ಕಾರಿ ನೌಕರರಿಗಷ್ಟೇ ಸೀಮಿತಗೊಳಿಸಬಾರದು ಎಂದೂ ಸೇರಿಸಿತು.

ಈ ತೀರ್ಪನ್ನು ನಾನು ಮತ್ತೆ ಮತ್ತೆ ಉಲ್ಲೇಖಿಸುವುದಕ್ಕೆ ಕಾರಣವಿದೆ. ಅಲ್ಲಿ ಸೋತದ್ದು ಸಮಿತಿಯ ರಚನೆಯಲ್ಲ, ಸಮಿತಿಗೆ ಉಣಬಡಿಸಿದ ಕಾಗದ. ಹೆಸರುಗಳನ್ನು ಆಯ್ದವರು, ಟಿಪ್ಪಣಿ ಬರೆದವರು, ಯಾವ ಪುಟ ಸೇರಿಸಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಸಭೆಯ ಕೊಠಡಿಯಲ್ಲಿ ಇರಲೇ ಇಲ್ಲ.

ಈಗ ನ್ಯಾಯಮೂರ್ತಿಗಳ ವಿಚಾರ. 2023ರ ಮಾರ್ಚ್ 2ರಂದು ಅನೂಪ್ ಬರನ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಸಂಸತ್ತು ಕಾನೂನು ಮಾಡುವವರೆಗೆ ಮುಖ್ಯ ಚುನಾವಣಾ ಆಯುಕ್ತರನ್ನೂ ಚುನಾವಣಾ ಆಯುಕ್ತರನ್ನೂ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿಯ ಸಲಹೆಯಂತೆ ನೇಮಿಸಬೇಕೆಂದು ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನು ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿ ಪ್ರಧಾನಿ ಹೆಸರಿಸುವ ಸಂಪುಟ ಸಚಿವರನ್ನು ಕೂರಿಸಿತು. ಚುನಾವಣೆಯಲ್ಲಿ ಸ್ವತಃ ಸ್ಪರ್ಧಿಸುವ ಆಡಳಿತ ಪಕ್ಷಕ್ಕೆ ಚುನಾವಣೆ ನಡೆಸುವವರ ಆಯ್ಕೆಯಲ್ಲಿ ಸ್ಥಿರ ಬಹುಮತ ಕೊಟ್ಟದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಮುಖ್ಯ ನ್ಯಾಯಮೂರ್ತಿ ಇದ್ದಿದ್ದರೆ ಎಲ್ಲವೂ ಸರಿಯಾಗುತ್ತಿತ್ತು ಎಂಬ ಮಾತನ್ನು ನಾನು ಒಪ್ಪಲಾರೆ. ಸಿಬಿಐ ನಿರ್ದೇಶಕರ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಹೆಸರಿಸಿದ ನ್ಯಾಯಮೂರ್ತಿ ಇದ್ದೇ ಇದ್ದಾರೆ. 2019ರ ಜನವರಿಯಲ್ಲಿ ಅಲೋಕ್ ವರ್ಮಾ ಅವರನ್ನು ಆ ಹುದ್ದೆಯಿಂದ ತೆಗೆದಾಗ ಸಮಿತಿ ಎರಡು–ಒಂದು ಎಂದು ಒಡೆಯಿತು, ಪ್ರಧಾನಿಯೊಂದಿಗೆ ನ್ಯಾಯಮೂರ್ತಿ ಸಹಮತರಾದರು, ವಿರೋಧ ಪಕ್ಷದ ಕಡೆಯಿಂದ ಸಮಿತಿಯಲ್ಲಿದ್ದ ಮಲ್ಲಿಕಾರ್ಜುನ ಖರ್ಗೆ ಅಸಮ್ಮತಿ ಬರೆದರು. ಆ ತೀರ್ಮಾನ ಸರಿಯೋ ತಪ್ಪೋ, ವಿವಾದವಂತೂ ತಪ್ಪಲಿಲ್ಲ. ಇನ್ನೊಂದು ತೊಡಕೂ ಇದೆ. ನೇಮಕವನ್ನು ಪ್ರಶ್ನಿಸಿ ಯಾರಾದರೂ ನ್ಯಾಯಾಲಯದ ಮೆಟ್ಟಿಲೇರಿದಾಗ, ಅದೇ ನ್ಯಾಯಾಂಗದ ಮುಖ್ಯಸ್ಥರು ಆ ನೇಮಕಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾಗಿರುತ್ತಾರೆ.

ಅದೇ 2023ರ ಕಾನೂನಿನಲ್ಲಿ ಹೆಚ್ಚು ಚರ್ಚೆಯಾಗಬೇಕಿದ್ದದ್ದು ಶೋಧನಾ ಸಮಿತಿಯ ಕಲಮು. ಕಾನೂನು ಸಚಿವರ ಅಧ್ಯಕ್ಷತೆಯಲ್ಲಿ, ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಇಬ್ಬರು ಅಧಿಕಾರಿಗಳು ಸೇರಿ ಐದು ಹೆಸರುಗಳ ಪಟ್ಟಿ ಮಾಡುತ್ತಾರೆ. ಅಂದರೆ ಪಟ್ಟಿ ಮಾಡುವ ಮೂವರೂ ಸರ್ಕಾರದವರು. ಅಷ್ಟು ಸಾಲದೆಂಬಂತೆ, ಪಟ್ಟಿಯಲ್ಲಿ ಇಲ್ಲದವರನ್ನೂ ಆಯ್ಕೆ ಸಮಿತಿ ಪರಿಗಣಿಸಬಹುದು ಎಂದು 8ನೇ ಕಲಮು ಹೇಳುತ್ತದೆ. ಅರ್ಹತೆಯ ಬಾಗಿಲೂ ಕಿರಿದು: ಭಾರತ ಸರ್ಕಾರದ ಕಾರ್ಯದರ್ಶಿಗೆ ಸಮಾನವಾದ ಹುದ್ದೆಯಲ್ಲಿ ಇರುವವರು ಅಥವಾ ಇದ್ದವರು ಮಾತ್ರ ಒಳಗೆ ಬರಬಹುದು. 2024ರ ಮಾರ್ಚಿನಲ್ಲಿ ಈ ಕಾನೂನಿನಡಿ ಮೊದಲ ನೇಮಕ ನಡೆದಾಗ, ವಿರೋಧ ಪಕ್ಷದ ಕಡೆಯಿಂದ ಸಮಿತಿಯಲ್ಲಿದ್ದ ಅಧೀರ್ ರಂಜನ್ ಚೌಧರಿ ಅವರು ಇನ್ನೂರಕ್ಕೂ ಹೆಚ್ಚು ಹೆಸರುಗಳ ಉದ್ದನೆಯ ಪಟ್ಟಿ ತಮಗೆ ಹಿಂದಿನ ರಾತ್ರಿ ಸಿಕ್ಕಿತೆಂದೂ, ಅಂತಿಮ ಆರು ಹೆಸರುಗಳು ಸಭೆಗೆ ಕೆಲವೇ ನಿಮಿಷಗಳ ಮೊದಲು ಬಂದವೆಂದೂ ದೂರಿದರು. ಸುಪ್ರೀಂ ಕೋರ್ಟ್ ನೇಮಕಕ್ಕೆ ತಡೆ ನೀಡಲಿಲ್ಲ, ಆದರೆ ಹೆಸರುಗಳನ್ನು ಪರಿಶೀಲಿಸಲು ಸದಸ್ಯರಿಗೆ ಇನ್ನಷ್ಟು ಸಮಯ ಕೊಡಬೇಕಿತ್ತು ಎಂಬ ಅಸಮಾಧಾನವನ್ನು ದಾಖಲಿಸಿತು. ಹತ್ತು ನಿಮಿಷದಲ್ಲಿ ಆರು ಜನರ ಸೇವಾ ದಾಖಲೆ ಓದಲು ಮುಖ್ಯ ನ್ಯಾಯಮೂರ್ತಿಗಾದರೂ ಸಾಧ್ಯವೇ?

ಹೋಲಿಕೆಗೆ ದಕ್ಷಿಣ ಆಫ್ರಿಕಾದ ಚುನಾವಣಾ ಆಯೋಗವನ್ನು ನೋಡಬಹುದು. 1996ರ ಅವರ ಕಾನೂನು ಪಟ್ಟಿ ಮಾಡುವ ಕೆಲಸವನ್ನು ಸರ್ಕಾರದಿಂದ ಹೊರಗಿಟ್ಟಿದೆ. ಸಂವಿಧಾನ ನ್ಯಾಯಾಲಯದ ಮುಖ್ಯಸ್ಥರ ಅಧ್ಯಕ್ಷತೆಯಲ್ಲಿ, ಮಾನವ ಹಕ್ಕುಗಳ ಆಯೋಗ ಹಾಗೂ ಲಿಂಗ ಸಮಾನತೆ ಆಯೋಗದ ಪ್ರತಿನಿಧಿಗಳು ಮತ್ತು ಆಡಳಿತದ ವಿರುದ್ಧದ ದೂರುಗಳನ್ನು ವಿಚಾರಿಸುವ ಅಲ್ಲಿನ ಸಾರ್ವಜನಿಕ ರಕ್ಷಕರು ಸೇರಿ ಕನಿಷ್ಠ ಎಂಟು ಹೆಸರುಗಳನ್ನು ಸೂಚಿಸುತ್ತಾರೆ. ಎಲ್ಲ ಪಕ್ಷಗಳಿಗೂ ಪ್ರಾತಿನಿಧ್ಯವಿರುವ ಸಂಸದೀಯ ಸಮಿತಿ ಅವರಲ್ಲಿಂದ ಆರಿಸುತ್ತದೆ. ಅಲ್ಲಿಯೂ ನ್ಯಾಯಾಂಗದ ಪಾತ್ರವಿದೆ ಎಂಬುದನ್ನು ಗಮನಿಸಿ, ಆದರೆ ಅದು ಪಟ್ಟಿ ಮಾಡುವ ಹಂತದಲ್ಲಿ. ನ್ಯಾಯಮೂರ್ತಿಯೊಬ್ಬರ ನಿಷ್ಪಕ್ಷಪಾತದ ಉಪಯೋಗ ಹೆಚ್ಚಾಗಿ ಆಗುವುದು ಅಲ್ಲಿಯೇ. ಸಿದ್ಧ ಪಟ್ಟಿಯ ಮೇಲೆ ಮತ ಹಾಕುವಾಗ ಅಲ್ಲ.

ನಮ್ಮ ರಾಜ್ಯಕ್ಕೆ ಬಂದರೆ, ಇದೇ ಪಾಠವನ್ನು ಲೋಕಾಯುಕ್ತದ ಪ್ರಕರಣವೊಂದು ಬೇರೆ ರೀತಿಯಲ್ಲಿ ಕಲಿಸಿದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ 3ನೇ ಕಲಮಿನಂತೆ ಲೋಕಾಯುಕ್ತ ಮತ್ತು ಉಪಲೋಕಾಯುಕ್ತರನ್ನು ಮುಖ್ಯಮಂತ್ರಿಯ ಸಲಹೆಯ ಮೇರೆಗೆ ರಾಜ್ಯಪಾಲರು ನೇಮಿಸುತ್ತಾರೆ. ಸಲಹೆ ಕೊಡುವ ಮೊದಲು ಮುಖ್ಯಮಂತ್ರಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಪರಿಷತ್ತಿನ ಸಭಾಪತಿ, ವಿಧಾನಸಭಾಧ್ಯಕ್ಷ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರೊಂದಿಗೆ ಸಮಾಲೋಚಿಸಬೇಕು. 2012ರ ಜನವರಿಯಲ್ಲಿ ನ್ಯಾಯಮೂರ್ತಿ ಚಂದ್ರಶೇಖರಯ್ಯ ಉಪಲೋಕಾಯುಕ್ತರಾಗಿ ನೇಮಕಗೊಂಡರು. ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದ್ದದ್ದು ಬೇರೆ ಹೆಸರನ್ನು. ಕೊನೆಗೆ ಆಯ್ಕೆಯಾದ ಹೆಸರನ್ನು ಅವರ ಮುಂದೆ ಇಟ್ಟೇ ಇರಲಿಲ್ಲ. ಹೈಕೋರ್ಟ್ ನೇಮಕವನ್ನು ರದ್ದು ಮಾಡಿತು, ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯವೇ ಮೇಲುಗೈ ಎಂದಿತು. 2013ರ ಜನವರಿ 11ರಂದು ಸುಪ್ರೀಂ ಕೋರ್ಟ್ ಆ ಮೇಲುಗೈಯ ಮಾತನ್ನು ಒಪ್ಪಲಿಲ್ಲ. ಸಲಹೆಯ ಅಧಿಕಾರ ಮುಖ್ಯಮಂತ್ರಿಯದೇ, ಆದರೆ ಸಮಾಲೋಚನೆ ಕಡ್ಡಾಯ, ಮತ್ತು ಆಯ್ಕೆಯಾಗುವ ವ್ಯಕ್ತಿಯ ಹೆಸರಿನ ಮೇಲೆಯೇ ಅದು ನಡೆಯಬೇಕು ಎಂದು ಹೇಳಿ ನೇಮಕ ಅಸಿಂಧುವೆಂದು ಎತ್ತಿಹಿಡಿಯಿತು. ನೇಮಕಗೊಂಡವರ ಯೋಗ್ಯತೆಯ ಮೇಲೆ ಇದರಲ್ಲಿ ಯಾವ ಆಕ್ಷೇಪವೂ ಇರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಐವರಿಂದ ಐದು ಹೆಸರು ತರಿಸಿಕೊಂಡು ತನಗೆ ಬೇಕಾದ ಒಂದನ್ನು ಎತ್ತಿಕೊಳ್ಳುವುದು ಸಮಾಲೋಚನೆ ಅಲ್ಲ ಎಂಬುದಷ್ಟೇ ಅದರ ತಿರುಳು.

ಪಟ್ಟಿಯ ವಿಷಯದಲ್ಲಿ ನೇರ ನಿರ್ದೇಶನ ಸಿಕ್ಕಿರುವುದು ಮಾಹಿತಿ ಆಯೋಗಗಳಿಗೆ. 2019ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ನೀಡಿದ ಅಂಜಲಿ ಭಾರದ್ವಾಜ್ ಪ್ರಕರಣದ ತೀರ್ಪಿನಲ್ಲಿ ಕರ್ನಾಟಕವೂ ಪ್ರತಿವಾದಿ ರಾಜ್ಯಗಳಲ್ಲಿ ಒಂದಾಗಿತ್ತು. ಹುದ್ದೆ ತೆರವಾಗುವ ಒಂದೆರಡು ತಿಂಗಳ ಮೊದಲೇ ಪ್ರಕ್ರಿಯೆ ಆರಂಭಿಸಬೇಕು, ಹುದ್ದೆಗಳ ಜಾಹೀರಾತು ಕೊಡಬೇಕು, ಶೋಧನಾ ಸಮಿತಿಯ ವಿವರ ಮತ್ತು ಹೆಸರುಗಳನ್ನು ಆಯ್ದ ಮಾನದಂಡಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು ಎಂಬುದು ಅದರ ಸಾರ. ಕಾಯ್ದೆಯು ಕಾನೂನು, ವಿಜ್ಞಾನ, ಸಮಾಜಸೇವೆ, ನಿರ್ವಹಣೆ, ಪತ್ರಿಕೋದ್ಯಮ, ಆಡಳಿತ ಮುಂತಾದ ಹಲವು ಕ್ಷೇತ್ರಗಳ ಗಣ್ಯರಿಗೆ ಅವಕಾಶ ಕೊಟ್ಟಿದ್ದರೂ ನೇಮಕಗಳು ಬಹುತೇಕ ಸರ್ಕಾರಿ ಅಧಿಕಾರಿಗಳ ಕಡೆಗೇ ವಾಲಿವೆ ಎಂಬುದನ್ನೂ ತೀರ್ಪು ಗುರುತಿಸಿತು.

ತಮ್ಮ ಪ್ರಶ್ನೆಯಲ್ಲಿ ನಿವೃತ್ತ ಅಧಿಕಾರಿಯ ಬಗ್ಗೆ ಒಂದು ಕಹಿ ಇರುವಂತೆ ತೋರುತ್ತದೆ. ನಿವೃತ್ತ ಅಧಿಕಾರಿಗಳಿಗೆ ಬಾಗಿಲು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಕಡತದಲ್ಲಿ ಏನನ್ನು ಎಲ್ಲಿ ಅಡಗಿಸಿಡುತ್ತಾರೆ ಎಂಬುದು ಕಡತ ಬರೆದವರಿಗೇ ಚೆನ್ನಾಗಿ ಗೊತ್ತು, ಆ ತಿಳಿವಳಿಕೆ ಆಯೋಗಕ್ಕೆ ಬೇಕು. ತೊಂದರೆ ಇರುವುದು ಇಡೀ ಆಯೋಗವೇ ಅವರಿಂದ ತುಂಬಿದಾಗ, ಮತ್ತು ಸೇವೆಯ ಕೊನೆಯ ವರ್ಷಗಳಲ್ಲಿ ಅಧಿಕಾರಿಯ ಕಣ್ಣು ಮುಂದಿನ ಕುರ್ಚಿಯ ಮೇಲಿದ್ದಾಗ. ಲೋಕಸೇವಾ ಆಯೋಗದ ವಿಷಯದಲ್ಲಿ ಸಂವಿಧಾನವೇ ಒಂದು ಪ್ರಮಾಣ ಹೇಳಿದೆ: ಸುಮಾರು ಅರ್ಧದಷ್ಟು ಸದಸ್ಯರು ಕನಿಷ್ಠ ಹತ್ತು ವರ್ಷ ಸರ್ಕಾರಿ ಸೇವೆ ಮಾಡಿದವರಾಗಿರಬೇಕು. ಅಲ್ಲಿ ಅದು ಕನಿಷ್ಠ ಮಿತಿಯಂತೆ ಕೆಲಸ ಮಾಡುತ್ತದೆ. ಮಾಹಿತಿ ಆಯೋಗದಲ್ಲಿ ಅದೇ ಅರ್ಧವನ್ನು ಗರಿಷ್ಠ ಮಿತಿಯಾಗಿ ಇಡಬೇಕು ಎನ್ನುತ್ತೇನೆ. ಜೊತೆಗೆ ನಿವೃತ್ತಿಗೂ ನೇಮಕಕ್ಕೂ ನಡುವೆ ಎರಡು ವರ್ಷಗಳ ಅಂತರವಿರಬೇಕು, ಮತ್ತು ತಾವೇ ಮುಖ್ಯಸ್ಥರಾಗಿದ್ದ ಇಲಾಖೆಯ ಮೇಲ್ಮನವಿಗಳನ್ನು ಅವರು ಆಲಿಸಬಾರದು. ಅಂತರ ಇಲ್ಲದಿದ್ದರೆ ಏನು ಪ್ರಶ್ನೆ ಏಳುತ್ತದೆ ಎಂಬುದಕ್ಕೆ ಅರುಣ್ ಗೋಯಲ್ ಅವರ ನೇಮಕ ಉದಾಹರಣೆ. ಅವರು 2022ರ ನವೆಂಬರ್ 18ರಂದು ಸ್ವಯಂನಿವೃತ್ತಿ ಪಡೆದರು, ಮರುದಿನವೇ ಚುನಾವಣಾ ಆಯುಕ್ತರಾದರು.

ಕಾಲದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸದಸ್ಯರೊಬ್ಬರ ಅವಧಿ ಎಂದು ಮುಗಿಯುತ್ತದೆ ಎಂಬುದು ಅವರು ಅಧಿಕಾರ ಸ್ವೀಕರಿಸಿದ ದಿನವೇ ಗೊತ್ತಿರುತ್ತದೆ. ಹಾಗಿದ್ದೂ ಹುದ್ದೆಗಳು ತಿಂಗಳುಗಟ್ಟಲೆ ಖಾಲಿ ಬೀಳುವುದು ಅಚಾತುರ್ಯವಲ್ಲ, ಆಡಳಿತಕ್ಕೆ ಅದು ಅನುಕೂಲವೂ ಹೌದು. ರಾಜೀನಾಮೆಯಂತಹ ಅನಿರೀಕ್ಷಿತ ಸಂದರ್ಭ ಬೇರೆ, ಆದರೆ 2015ರ ಡಿಸೆಂಬರಿನಲ್ಲಿ ತೆರವಾದ ಕರ್ನಾಟಕದ ಲೋಕಾಯುಕ್ತ ಸ್ಥಾನ 2017ರ ಜನವರಿಯವರೆಗೆ ತುಂಬದೇ ಇದ್ದುದಕ್ಕೆ ಅದೂ ಸಾಕಾದ ಸಮಾಧಾನವಲ್ಲ. ಖಾಲಿ ಕುರ್ಚಿಯಲ್ಲಿ ಪ್ರಭಾರಿಯನ್ನು ಕೂರಿಸುವುದು ಇನ್ನೂ ಕೆಟ್ಟದ್ದು. ಗೋವಾದಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿಗೇ ರಾಜ್ಯ ಚುನಾವಣಾ ಆಯುಕ್ತರ ಹೆಚ್ಚುವರಿ ಹೊಣೆ ವಹಿಸಿದ್ದರು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದ ಸೇವೆಯಲ್ಲಿರುವ ಯಾರೂ ಆ ಹುದ್ದೆಯಲ್ಲಿ ಇರಕೂಡದು ಎಂದು ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ಹೇಳಿತು.

ಆಯ್ಕೆ ಚೆನ್ನಾಗಿ ನಡೆದರೂ ನೇಮಕದ ಷರತ್ತುಗಳು ದುರ್ಬಲವಾಗಿದ್ದರೆ ಸ್ವಾತಂತ್ರ್ಯ ಉಳಿಯದು. ಮಾಹಿತಿ ಆಯುಕ್ತರಿಗೆ ಮೂಲ ಕಾಯ್ದೆಯಲ್ಲಿ ಐದು ವರ್ಷಗಳ ಅವಧಿಯಿತ್ತು, ಮುಖ್ಯ ಮಾಹಿತಿ ಆಯುಕ್ತರ ವೇತನ ಮುಖ್ಯ ಚುನಾವಣಾ ಆಯುಕ್ತರಿಗೆ ಸಮವಾಗಿತ್ತು. 2019ರ ತಿದ್ದುಪಡಿ ಇವೆರಡನ್ನೂ ಕಾಯ್ದೆಯಿಂದ ಕಿತ್ತು ಕೇಂದ್ರ ಸರ್ಕಾರದ ನಿಯಮಗಳಿಗೆ ಒಪ್ಪಿಸಿತು, ಅವಧಿ ಮೂರು ವರ್ಷಕ್ಕೆ ಇಳಿಯಿತು. ರಾಜ್ಯದ ಆಯುಕ್ತರ ಅವಧಿಯನ್ನೂ ದೆಹಲಿಯೇ ನಿಗದಿಪಡಿಸುವುದು ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದಲೂ ನನಗೆ ಸರಿಕಾಣುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಸಂವಿಧಾನದ 319ನೇ ವಿಧಿ ಲೋಕಸೇವಾ ಆಯೋಗದವರಿಗೆ ಮುಂದೆ ಬೇರೆ ಲೋಕಸೇವಾ ಆಯೋಗದ ಹುದ್ದೆಯ ಹೊರತು ಸರ್ಕಾರದ ಇತರ ಉದ್ಯೋಗವನ್ನು ನಿಷೇಧಿಸಿದೆ. ಇದು ಎಲ್ಲ ಆಯೋಗಗಳಿಗೂ ವಿಸ್ತರಿಸಬೇಕಾದ ನಿಯಮ. ಅದೇ ಸಂವಿಧಾನ ಆ ಆಯೋಗದ ಆಯ್ಕೆಯ ವಿಧಾನದ ಬಗ್ಗೆ ಮಾತ್ರ ಮೌನವಾಗಿದೆ. 2013ರಲ್ಲಿ ಪಂಜಾಬ್ ಲೋಕಸೇವಾ ಆಯೋಗದ ಅಧ್ಯಕ್ಷರ ನೇಮಕ ರದ್ದಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರಾಗುವವರಿಗೆ ಪ್ರಾಮಾಣಿಕತೆ ಮತ್ತು ಸಾಮರ್ಥ್ಯ ಎರಡೂ ಇರಬೇಕೆಂದೂ, ಅವುಗಳನ್ನು ಪರಿಶೀಲಿಸುವ ಪದ್ಧತಿಯೊಂದು ಬೇಕೆಂದೂ ಹೇಳಿತು. ಕೆಪಿಎಸ್‌ಸಿಯ 2011ನೇ ಸಾಲಿನ 362 ಹುದ್ದೆಗಳ ನೇಮಕಾತಿ ಎಷ್ಟು ವರ್ಷ ನ್ಯಾಯಾಲಯಗಳಲ್ಲಿ ನರಳಿತೆಂಬುದನ್ನು ಕಂಡ ನಮಗೆ, ಆಯೋಗದ ಸದಸ್ಯರ ಆಯ್ಕೆ ಕೇವಲ ತತ್ತ್ವದ ಪ್ರಶ್ನೆಯಲ್ಲ.

ಹಾಗಾದರೆ ಹೇಗಿರಬೇಕು? ನನ್ನ ಕೈಗೆ ಕರಡು ಕೊಟ್ಟರೆ, ಪಟ್ಟಿ ಮಾಡುವ ಶೋಧನಾ ಸಮಿತಿಯಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಾಗಲಿ ಸಚಿವರಾಗಲಿ ಇರಕೂಡದು ಎಂದು ಮೊದಲು ಬರೆಯುತ್ತೇನೆ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರು, ಬೇರೊಂದು ಸ್ವತಂತ್ರ ಸಂಸ್ಥೆಯ ಮಾಜಿ ಮುಖ್ಯಸ್ಥರೊಬ್ಬರು, ಆಯೋಗದ ವಿಷಯವನ್ನು ಬಲ್ಲ ಸರ್ಕಾರೇತರ ವ್ಯಕ್ತಿಯೊಬ್ಬರು ಇದ್ದರೆ ಸಾಕು. ಪ್ರತಿ ಹುದ್ದೆಗೆ ಮೂರು ಹೆಸರು, ಪ್ರತಿ ಹೆಸರಿಗೆ ಒಂದು ಪುಟದ ಕಾರಣ, ಜೊತೆಗೆ ಆಸ್ತಿ ಮತ್ತು ಬಾಕಿ ಪ್ರಕರಣಗಳ ಘೋಷಣೆ ಇರಬೇಕು. ಆ ಕಿರುಪಟ್ಟಿ ಹದಿನೈದು ದಿನ ಸಾರ್ವಜನಿಕರ ಮುಂದಿದ್ದು, ಆಕ್ಷೇಪಣೆಗಳು ಲಿಖಿತವಾಗಿ ಬರಲಿ. ಕಿರುಪಟ್ಟಿಯ ಹೊರಗಿನ ಹೆಸರನ್ನು ಆಯ್ಕೆ ಸಮಿತಿ ಮುಟ್ಟುವಂತಿಲ್ಲ. ಸದಸ್ಯರಿಗೆ ಎಲ್ಲ ಕಾಗದಗಳೂ ಸಭೆಗೆ ಹತ್ತು ದಿನ ಮೊದಲು ತಲುಪಬೇಕು. ಅಸಮ್ಮತಿಯ ಟಿಪ್ಪಣಿ ಮತ್ತು ಅದಕ್ಕೆ ಬಹುಮತದ ಉತ್ತರ ಎರಡೂ ನೇಮಕದ ಅಧಿಸೂಚನೆಯೊಂದಿಗೇ ಪ್ರಕಟವಾಗಬೇಕು. ಅಭ್ಯರ್ಥಿಗಳ ಸಂದರ್ಶನವನ್ನು ದೂರದರ್ಶನದಲ್ಲಿ ತೋರಿಸಬೇಕೆನ್ನುವವರೂ ಇದ್ದಾರೆ. ನನಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ. ಮಾತಿನಮಲ್ಲರಿಗೆ ಅದು ಅನುಕೂಲ, ಸಂಕೋಚದ ವಿದ್ವಾಂಸರಿಗೆ ತೊಡಕು. ಇಷ್ಟೆಲ್ಲ ಇದ್ದರೆ, ಆಯ್ಕೆ ಸಮಿತಿಯಲ್ಲಿ ಸರ್ಕಾರಕ್ಕೆ ಬಹುಮತವಿದ್ದರೂ ನಾನು ಅಷ್ಟಾಗಿ ಆತಂಕಪಡುವುದಿಲ್ಲ, ಏಕೆಂದರೆ ಮೂರು ಯೋಗ್ಯ ಹೆಸರುಗಳಲ್ಲಿ ಯಾವುದನ್ನು ಆರಿಸಿದರೂ ಹಾನಿ ಕಡಿಮೆ.

ಕಾನೂನು ಬದಲಾಗುವವರೆಗೆ ತಾವು ಮಾಡಬಹುದಾದದ್ದೂ ಇದೆ. ತಾವು ಓದಿದ ನೇಮಕದ ಬಗ್ಗೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ, ಅಥವಾ ಆ ಆಯೋಗವನ್ನು ನೋಡಿಕೊಳ್ಳುವ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ, ಬಂದ ಅರ್ಜಿಗಳ ಪಟ್ಟಿ, ಕಿರುಪಟ್ಟಿ ಮಾಡಿದ ಮಾನದಂಡ, ಸದಸ್ಯರಿಗೆ ಕಾಗದ ಕಳುಹಿಸಿದ ದಿನಾಂಕ, ಸಭೆಯ ನಡಾವಳಿ ಮತ್ತು ಅಸಮ್ಮತಿಯ ಟಿಪ್ಪಣಿಯ ಪ್ರತಿಯನ್ನು ಕೇಳಿ. ಸಚಿವ ಸಂಪುಟದ ಕಾಗದ ಎಂಬ ನೆಪ ಹೇಳಿದರೆ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಕಾರಣಗಳನ್ನೂ ಆಧಾರಗಳನ್ನೂ ಬಹಿರಂಗಪಡಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಐ) ಕಲಮಿನ ಪರಂತುಕದಲ್ಲಿಯೇ (ಷರತ್ತಿನಲ್ಲಿಯೇ) ಇದೆ ಎಂಬುದನ್ನು ಮೊದಲ ಮೇಲ್ಮನವಿಯಲ್ಲಿ ಎತ್ತಿ ಹೇಳಬಹುದು. ಆ ಕಾಗದಗಳಲ್ಲಿ ಶಾಸನಬದ್ಧ ಅರ್ಹತೆಯ ಕೊರತೆಯೋ ಕಡ್ಡಾಯ ವಿಧಾನದ ಲೋಪವೋ ಕಂಡರೆ, ‘ಯಾವ ಅಧಿಕಾರದಿಂದ ಈ ಹುದ್ದೆಯಲ್ಲಿದ್ದೀರಿ’ ಎಂದು ಪ್ರಶ್ನಿಸುವ ಕೋ ವಾರಂಟೊ ರಿಟ್ ಅರ್ಜಿಯನ್ನು 226ನೇ ವಿಧಿಯಡಿ ಹೈಕೋರ್ಟಿಗೆ ಯಾವ ನಾಗರಿಕರೂ ಸಲ್ಲಿಸಬಹುದು, ಅದಕ್ಕೆ ತಾವು ಸ್ವತಃ ಬಾಧಿತರಾಗಿರಬೇಕೆಂದಿಲ್ಲ. ಆದರೆ ಅಲ್ಲಿ ‘ಇವರಿಗಿಂತ ಉತ್ತಮರಿದ್ದರು’ ಎಂಬ ವಾದ ನಿಲ್ಲುವುದಿಲ್ಲ. ಆದ್ದರಿಂದ ವಕೀಲರ ಬಳಿ ಹೋಗುವ ಮೊದಲು ಕಾಗದಗಳನ್ನು ಪಡೆದುಕೊಂಡು, ಲೋಪವು ವಿಧಾನದಲ್ಲಿದೆಯೇ ಅಥವಾ ಆಯ್ಕೆಯ ವಿವೇಚನೆಯಲ್ಲಿ ಮಾತ್ರವೇ ಎಂಬುದನ್ನು ನೋಡಿಕೊಳ್ಳಿ.